ಸಾಲಿ ಮಾಸ್ತರರ ನಿವೃತ್ತಿವೇತನ

ಮೇ ತಿಂಗಳ 31ನೆಯ ತಾರೀಖು ನಮ್ಮ ಕಡೆಯ ಸಾಲಿಗಳಲ್ಲಿ ಬೀಳ್ಕೊಡುಗೆಯ ದಿನ. ಬೇಸಿಗೆಯ ಸೂಟಿ ಮುಗಿದು ಬಾಗಿಲು ತೆರೆದು ಎರಡು ಮೂರು ದಿವಸವಾಗಿರುತ್ತದೆ; ಮಕ್ಕಳು ಇನ್ನೂ ಪೂರ್ತಿ ಬಂದಿರುವುದಿಲ್ಲ. ಅಷ್ಟರಲ್ಲಿಯೇ ಗದಗ-ಬೆಟಗೇರಿಯಲ್ಲಿಯೋ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿಯೋ ಯಾವುದಾದರೊಂದು ಸಾಲಿಯ ಪಡಸಾಲೆಯಲ್ಲಿ ಮೇಜಿಗೆ ಬಟ್ಟೆ ಹಾಸಿ ಹಾರ, ಶಾಲು, ತೆಂಗಿನಕಾಯಿ ಇಟ್ಟಿರುತ್ತಾರೆ. ಮೂವತ್ತು ಮೂವತ್ತೈದು ವರ್ಷ ಖಡು ಹಿಡಿದ ಮಾಸ್ತರರೋ ಅಕ್ಕೋರೋ ಅಂದು ಕೊನೆಯ ಸಹಿ ಮಾಡುತ್ತಾರೆ. "ಏನ್ರೀ ಸರ, ನಾಳಿಂದ ಆರಾಮ ಅಲ್ರೀ?" ಎಂದು ಜೊತೆಯವರು ಕೇಳಿದರೆ, "ಆರಾಮ ಖರೆ, ಆದ್ರ ಮುಂದಿನ ತಿಂಗಳ ಏನು ಬರತೈತಿ, ಎಷ್ಟು ಬರತೈತಿ ಅನ್ನೂದು ಇನ್ನೂ ಗೊತ್ತಿಲ್ಲ ನೋಡ್ರಿ" ಎಂಬ ಉತ್ತರ ಬರುವುದೂ ಉಂಟು.

ಇಷ್ಟು ಜನ ಒಂದೇ ದಿನ ನಿವೃತ್ತರಾಗುವುದೇಕೆ? ಕಾರಣ ನಮ್ಮ ಹಳೆಯ ಸಾಲಿಗಳ ಹಾಜರಿ ಪುಸ್ತಕದಲ್ಲಿದೆ. ಹಿಂದೆ ತಂದೆ ಮಗನ ಕೈಹಿಡಿದು ಸಾಲಿಗೆ ಕರೆತಂದಾಗ ಹುಟ್ಟಿದ ತಾರೀಖು ಹೇಳಬಲ್ಲವರು ಕಡಿಮೆ. "ಬರಗಾಲದ ಮುಂದಿನ ವರ್ಷ, ಕಾರಹುಣ್ಣಿವಿ ಆದಮ್ಯಾಲೆ" ಎನ್ನುವರು. ಹೆಡ್ ಮಾಸ್ತರರು ಮಗುವಿನ ಕೈಯನ್ನು ತಲೆಯ ಮೇಲಿಂದ ತಂದು ಕಿವಿ ಮುಟ್ಟಿಸಿ ನೋಡಿ, ಸಾಲಿ ಶುರುವಾಗುವ ಕಾಲಕ್ಕೆ ಹೊಂದುವ ಹಾಗೆ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಸರಕಾರಿ ನೌಕರನು 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕು. ಆದರೆ ತಿಂಗಳ ಮೊದಲನೆಯ ತಾರೀಖಿಗೆ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗುತ್ತಾನೆ. ಜೂನ್ 1ರ ಮಗು ಮೇ 31ರ ಮಾಸ್ತರನಾದದ್ದು ಹೀಗೆ. ಎಂದೋ ಒಬ್ಬ ಮಾಸ್ತರರು ಅಂದಾಜಿನಿಂದ ಬರೆದ ಒಂದು ಸಾಲು, ಐವತ್ತು ವರ್ಷಗಳ ಮೇಲೆ ಇನ್ನೊಬ್ಬ ಮಾಸ್ತರರ ನಿವೃತ್ತಿಯ ದಿನವನ್ನು ಗೊತ್ತುಮಾಡುತ್ತದೆ.

ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತೂ ಇದೇ. ನಿವೃತ್ತಿವೇತನ ಹುಟ್ಟುವುದು ನಿವೃತ್ತಿಯ ದಿನವಲ್ಲ, ಕೆಲಸಕ್ಕೆ ಸೇರಿದ ದಿನ. ಅದು ಬೆಳೆಯುವುದು ಸೇವಾ ಪುಸ್ತಕವೆಂಬ ಒಂದು ದಫ್ತರದ ಪುಟಗಳಲ್ಲಿ. ಆ ಪುಟಗಳು ಸರಿಯಿದ್ದರೆ ಮುಪ್ಪಿನ ಕಾಲಕ್ಕೆ ಅನ್ನ ಉಂಟು. ತಪ್ಪಿದ್ದರೆ ಮಾಸ್ತರರು ಮಾತ್ರವಲ್ಲ, ಅವರ ಹಿಂದೆ ಉಳಿಯುವ ಹೆಂಡತಿ ಮಕ್ಕಳೂ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಈ ಮಾತಿನ ತೂಕ ನಮ್ಮ ನಾಲ್ಕು ಊರುಗಳ ಇತಿಹಾಸವನ್ನು ಬಲ್ಲವರಿಗೆ ಬೇಗ ತಿಳಿಯುತ್ತದೆ. ಇಂದು ಇವೆಲ್ಲ 1997ರಲ್ಲಿ ರಚಿತವಾದ ಗದಗ ಜಿಲ್ಲೆಯೊಳಗಿವೆ. ಆದರೆ 1948ಕ್ಕೆ ಮುಂಚೆ ಒಂದು ಎತ್ತಿನ ಗಾಡಿ ಬೆಳಗಿನಿಂದ ಸಂಜೆಯವರೆಗೆ ನಡೆದರೆ ಎರಡು ಮೂರು ಆಳಿಕೆಗಳ ಗಡಿ ದಾಟುತ್ತಿತ್ತು. ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ ತಾಲೂಕು. ಅದರ ನೆರೆಯ ಲಕ್ಷ್ಮೇಶ್ವರ ಮಿರಜದ ಪಟವರ್ಧನರದು. ಸೋಮೇಶ್ವರನ ಗುಡಿಯ ಊರಿನ ಮಾಸ್ತರರಿಗೆ ಪಗಾರ ಕೊಡುವ ಖಜಾನೆ ಬೇರೆ, ಫಕೀರೇಶ್ವರ ಮಠದ ಊರಿನ ಮಾಸ್ತರರಿಗೆ ಕೊಡುವ ಖಜಾನೆ ಬೇರೆ, ವೀರನಾರಾಯಣನ ಊರಿನವರದು ಮತ್ತೂ ಬೇರೆ. ಕಲಿಸುವ ಮಗ್ಗಿ ಮಾತ್ರ ಒಂದೇ.

ಮುಂಬಯಿ ಇಲಾಖೆಯೊಳಗೂ ಸಾಲಿಯ ಯಜಮಾನರು ಬದಲಾಗುತ್ತಿದ್ದರು. 1923ರ ಪ್ರಾಥಮಿಕ ಶಿಕ್ಷಣ ಕಾಯಿದೆ ಕನ್ನಡ ಸಾಲಿಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. 1947ರಲ್ಲಿ ಇನ್ನೊಂದು ಕಾಯಿದೆ ಬಂದಿತು. ಜಿಲ್ಲಾ ಸ್ಕೂಲ್ ಬೋರ್ಡು ಎಂಬ ಹೆಸರು ನಮ್ಮ ಹಿರಿಯರ ಬಾಯಲ್ಲಿ ಈಗಲೂ ಕೇಳಿಬರುವುದು ಆ ಕಾಲದ ನೆನಪಿನಿಂದ. 1948ರ ಮಾರ್ಚಿನಲ್ಲಿ ಸಾಂಗಲಿ, ಮಿರಜ ಮೊದಲಾದ ದಕ್ಷಿಣದ ಸಂಸ್ಥಾನಗಳು ಮುಂಬಯಿಯಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಈ ಭಾಗವೆಲ್ಲ ಏಕೀಕೃತ ಮೈಸೂರು ರಾಜ್ಯಕ್ಕೆ ಬಂದಿತು. 1961ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯಾಯಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು.

ಈಗ ಒಬ್ಬ ಮಾಸ್ತರರನ್ನು ಮನಸ್ಸಿನಲ್ಲಿ ತಂದುಕೊಳ್ಳೋಣ. ಇಪ್ಪತ್ತನೆಯ ವಯಸ್ಸಿನಲ್ಲಿ, 1940ರ ಸುಮಾರಿಗೆ, ಮುಲ್ಕಿ ಪರೀಕ್ಷೆ ಪಾಸಾಗಿ ಶಿರಹಟ್ಟಿಯ ಸಾಲಿಗೆ ಸೇರಿದರೆನ್ನಿ. ಅವರು ಅದೇ ಸಾಲಿಯ ಅದೇ ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಮೊದಲು ಸಾಂಗಲಿಯ ನೌಕರರಾಗಿದ್ದರು, ಬಳಿಕ ಮುಂಬಯಿಯವರಾದರು, ಮುಂದೆ ಮೈಸೂರಿನವರಾದರು. 1970ರ ದಶಕದಲ್ಲಿ ನಿವೃತ್ತರಾಗುವ ಹೊತ್ತಿಗೆ ಕರ್ನಾಟಕದವರಾಗಿದ್ದರು. ಊರು ಬಿಟ್ಟು ಒಂದು ಹರದಾರಿ ಹೋಗದೆ ನಾಲ್ಕು ಹೆಸರಿನ ಸರಕಾರಗಳ ಚಾಕರಿ ಮಾಡಿದಂತಾಯಿತು! ಇಂಥವರ ಸೇವೆಯನ್ನು ಎಲ್ಲಿಂದ ಎಣಿಸಬೇಕು? ಯಾವ ಸರಕಾರದ ಲೆಕ್ಕಕ್ಕೆ ಹಿಡಿಯಬೇಕು?

1956ರ ರಾಜ್ಯ ಪುನರ್ವಿಂಗಡಣೆಯ ಕಾಯಿದೆಯನ್ನು ಬರೆದವರು ಈ ಪ್ರಶ್ನೆಯನ್ನು ಮುಂಗಂಡಿದ್ದರು. ಅದರ 115ನೆಯ ಕಲಮಿನಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಂಚಿಹೋದ ನೌಕರರ ವಿಚಾರವಿದೆ. ಅವರ ಸೇವಾ ನಿಯಮಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬಾರದು. ಬದಲಿಸುವುದಾದರೆ ಕೇಂದ್ರ ಸರಕಾರದ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು ಎಂದು ಅದು ಹೇಳುತ್ತದೆ. ಗಡಿ ಸರಿದರೂ ಮನುಷ್ಯನ ಸೇವೆ ತುಂಡಾಗಬಾರದೆಂಬುದು ಅದರ ಅಭಿಪ್ರಾಯ. ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಹಳೆಯ ಮೈಸೂರು ಎಂಬ ಭಾಗಗಳಿಂದ ಬಂದ ನೌಕರರಿಗೆಲ್ಲ ಒಂದೇ ಕಟ್ಟಳೆ ಬೇಕಾಯಿತು. 1958ರಲ್ಲಿ ಮೈಸೂರು ನಾಗರಿಕ ಸೇವಾ ನಿಯಮಗಳು ಬಂದವು. ಈಗ ಕರ್ನಾಟಕ ನಾಗರಿಕ ಸೇವಾ ನಿಯಮಗಳೆಂದು ಕರೆಯುವ ಈ ಗ್ರಂಥದಲ್ಲಿಯೇ ನಮ್ಮ ಮಾಸ್ತರರ ಪಿಂಚಣಿಯ ಲೆಕ್ಕವಿದೆ. ಆದರೆ ಕಾಯಿದೆ ಎಷ್ಟೇ ಉದಾರವಾಗಿದ್ದರೂ ಅದು ನೋಡುವುದು ಬರಹವನ್ನು. ಸಂಸ್ಥಾನದ ಕಾಲದ ಸೇವೆಯ ಪುಟ ಪುಸ್ತಕದಲ್ಲಿ ಉಳಿದಿದ್ದರೆ ಆ ವರ್ಷಗಳನ್ನು ಕೇಳಲು ಆಧಾರ ಉಂಟು. ಪುಟ ಹರಿದುಹೋಗಿದ್ದರೆ ಬಾಯಿಮಾತಿಗೆ ಬೆಲೆ ಕಡಿಮೆ.

ಸರಕಾರಿ ಸಾಲಿಯ ಹೊರಗೆ ನಮ್ಮ ಊರುಗಳಲ್ಲಿ ಇನ್ನೊಂದು ಬಗೆಯ ಸಾಲಿಗಳಿವೆ. ಮಠಗಳು, ವಿದ್ಯಾಸಂಸ್ಥೆಗಳು ಕಟ್ಟಿ ಬೆಳೆಸಿದ, ಸರಕಾರದ ಅನುದಾನದಿಂದ ನಡೆಯುವ ಸಾಲಿಗಳು. ಗದಗಿನ ಎಷ್ಟೋ ಮನೆತನಗಳ ಮಕ್ಕಳು ಹೈಸ್ಕೂಲು ಕಲಿತದ್ದು ಇಂಥವುಗಳಲ್ಲಿ. ಅಲ್ಲಿಯ ಶಿಕ್ಷಕರು ಬಹುಕಾಲ ಪ್ರಾವಿಡೆಂಟ್ ಫಂಡನ್ನೇ ನಂಬಿಕೊಂಡಿದ್ದರು. 1960ರ ದಶಕದಲ್ಲಿ ಅವರಿಗಾಗಿ ತ್ರಿವಿಧ ಲಾಭ ಯೋಜನೆ ಬಂದಿತು. ಪಿಂಚಣಿ, ಭವಿಷ್ಯನಿಧಿ, ವಿಮೆ ಎಂಬ ಮೂರು ಲಾಭಗಳಿಂದ ಅದಕ್ಕೆ ಆ ಹೆಸರು. ಇಲ್ಲಿಯೂ ತಾರೀಖೇ ಮುಖ್ಯ. ಶಿಕ್ಷಕರು ಸೇರಿದ ದಿನ ಒಂದಿರಬಹುದು, ಸಾಲಿಗೆ ಅನುದಾನ ದೊರೆತ ದಿನ ಇನ್ನೊಂದಿರಬಹುದು. ಅನುದಾನಕ್ಕೆ ಮುಂಚೆ ದುಡಿದ ವರ್ಷಗಳನ್ನು ಹಿಡಿಯಬೇಕೆಂದು ಶಿಕ್ಷಕರು ನ್ಯಾಯಾಲಯದವರೆಗೆ ಹೋದರು. 2014ರಲ್ಲಿ ರಾಜ್ಯ ಮಾಡಿದ ಕಾಯಿದೆ ಆ ವರ್ಷಗಳನ್ನು ಹಿಡಿಯಲಾಗದೆಂದು ಬಾಗಿಲು ಮುಚ್ಚಿತು. ಅನುದಾನಿತ ಸಾಲಿಯ ಶಿಕ್ಷಕರ ಮನೆಗಳಲ್ಲಿ ಈ ಕೊರಗು ಇಂದಿಗೂ ಇದೆ.

ಈ ಹಣ ಸರಕಾರ ದಯೆದೋರಿ ಕೊಡುವುದೇ, ಇಲ್ಲವೆ ಮಾಸ್ತರರ ಹಕ್ಕೇ ಎಂಬುದು ಇನ್ನೊಂದು ಪ್ರಶ್ನೆ. ಹಿಂದಿನವರು ಪಿಂಚಣಿಯನ್ನು ಸರಕಾರದ ಉಂಬಳಿಯಂತೆ ಕಾಣುತ್ತಿದ್ದರು. ಈ ತಿಳುವಳಿಕೆ ತಪ್ಪೆಂದು ಸುಪ್ರೀಂ ಕೋರ್ಟು 1971ರಲ್ಲಿ ಹೇಳಿತು. ಬಿಹಾರದ ಶಿಕ್ಷಣ ಇಲಾಖೆಯ ನೌಕರರೊಬ್ಬರ ಮೊಕದ್ದಮೆಯದು. ಪಿಂಚಣಿ ಸರಕಾರದ ಮರ್ಜಿಯ ಮೇಲೆ ನಿಂತ ದಾನವಲ್ಲ, ನಿಯಮದಿಂದ ಬರುವ ಹಕ್ಕು ಎಂದು ತೀರ್ಪಾಯಿತು. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಅದೇ ಕೋರ್ಟು ಇನ್ನೂ ವಿಸ್ತಾರವಾಗಿ ಮಾತನಾಡಿತು. ನಿವೃತ್ತಿವೇತನವು ಹಿಂದೆ ಮಾಡಿದ ಸೇವೆಗೆ ಸಲ್ಲುವ ಸಂದಾಯ; ಯೌವನವನ್ನು ದುಡಿಮೆಗೆ ಕೊಟ್ಟವರನ್ನು ಮುಪ್ಪಿನಲ್ಲಿ ಕೈಬಿಡಬಾರದೆಂಬ ಸಾಮಾಜಿಕ ನ್ಯಾಯ ಅದರಲ್ಲಿದೆ ಎಂಬುದು ಅದರ ಸಾರ. ಡಿಸೆಂಬರ್ 17ನ್ನು ನಿವೃತ್ತರ ಸಂಘಗಳು ಪಿಂಚಣಿದಾರರ ದಿನವೆಂದು ಆಚರಿಸುವುದು ಈ ಕಾರಣದಿಂದ. 2023ರ ಏಪ್ರಿಲಿನಲ್ಲಿ ನಮ್ಮ ರಾಜ್ಯದ ವಿದ್ಯುತ್ ಪ್ರಸರಣ ನಿಗಮದ ನೌಕರರ ಪ್ರಕರಣದಲ್ಲಿಯೂ ಅದೇ ದೃಷ್ಟಿ ಕಾಣುತ್ತದೆ. ಒಂದು ವರ್ಷ ಪೂರ್ತಿ ದುಡಿದು ವೇತನದ ಬಡ್ತಿ ಗಳಿಸಿದವನು ಮರುದಿನವೇ ನಿವೃತ್ತನಾದನೆಂಬ ಕಾರಣಕ್ಕೆ ಆ ಬಡ್ತಿಯನ್ನು ತಪ್ಪಿಸಲಾಗದು ಎಂದು ಅಲ್ಲಿ ತೀರ್ಮಾನವಾಯಿತು.

ಇನ್ನು ಲೆಕ್ಕಕ್ಕೆ ಬರೋಣ. 2006ರ ಏಪ್ರಿಲ್ 1ಕ್ಕೆ ಮುಂಚೆ ರಾಜ್ಯ ಸರಕಾರದ ಸೇವೆಗೆ ಸೇರಿದವರಿಗೆ ಹಳೆಯ ಪದ್ಧತಿಯ ಪಿಂಚಣಿ. ಇದಕ್ಕಾಗಿ ಪ್ರತಿ ತಿಂಗಳ ಪಗಾರದಲ್ಲಿ ಏನೂ ಮುರಿದುಕೊಳ್ಳುವುದಿಲ್ಲ. ಸರಕಾರಿ ವಿಮೆ, ಸಾಮಾನ್ಯ ಭವಿಷ್ಯನಿಧಿಗಳಿಗೆ ಮುರಿದುಕೊಳ್ಳುವ ಹಣವೇ ಬೇರೆ. ಪಿಂಚಣಿ ಸಿಗಬೇಕಾದರೆ ಕನಿಷ್ಠ 10 ವರ್ಷ ಅರ್ಹ ಸೇವೆ ಬೇಕು. 33 ವರ್ಷ ಸೇವೆ ಮಾಡಿದ ಅಕ್ಕೋರು ನಿವೃತ್ತರಾಗುವಾಗ ಅವರ ಮೂಲವೇತನ 60,000 ರೂಪಾಯಿ ಇದ್ದಿತೆಂದು ಹಿಡಿಯಿರಿ. ಅದರ ಅರ್ಧ, ಎಂದರೆ 30,000 ರೂಪಾಯಿ ಅವರ ಮಾಸಿಕ ಪಿಂಚಣಿ. ಅದರ ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿಭತ್ಯೆ. ಎಣ್ಣೆ, ಬೇಳೆ, ಔಷಧಗಳ ಬೆಲೆ ಏರಿದಂತೆ ಪಿಂಚಣಿಯೂ ಸ್ವಲ್ಪ ಏರುತ್ತದೆಂಬುದೇ ಹಳೆಯ ಪದ್ಧತಿಯ ದೊಡ್ಡ ಗುಣ. 80 ವರ್ಷ ದಾಟಿದವರಿಗೆ ಹೆಚ್ಚುವರಿ ಪಿಂಚಣಿಯೂ ಉಂಟು.

ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಗಂಟು ಮಾಡಿ ಪಡೆಯುವ ಅವಕಾಶವೂ ಇದೆ. ಇದಕ್ಕೆ ಪರಿವರ್ತನೆ ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಮೂರರಲ್ಲಿ ಒಂದು ಪಾಲಿನವರೆಗೆ ಹೀಗೆ ಪಡೆಯಬಹುದು. ಮೇಲಿನ ಅಕ್ಕೋರು ತಿಂಗಳಿಗೆ 10,000 ರೂಪಾಯಿ ಬಿಟ್ಟುಕೊಟ್ಟರೆ ಅದಕ್ಕೆ ಪ್ರತಿಯಾಗಿ ದೊಡ್ಡ ಮೊತ್ತವೊಂದು ಒಮ್ಮೆಲೆ ಕೈಗೆ ಬರುತ್ತದೆ. ತಿಂಗಳಿಗೆ 20,000 ಉಳಿಯುತ್ತದೆ. ತುಟ್ಟಿಭತ್ಯೆಯನ್ನು ಮಾತ್ರ ಪೂರ್ಣ 30,000ದ ಮೇಲೆಯೇ ಎಣಿಸುತ್ತಾರೆ. 15 ವರ್ಷಗಳ ಬಳಿಕ ಬಿಟ್ಟುಕೊಟ್ಟ ಪಾಲು ಮರಳಿ ಸೇರುತ್ತದೆ. ಮಗಳ ಮದುವೆ, ಮನೆಯ ಸಾಲ ಎಂದು ಎಷ್ಟೋ ಜನ ಇದನ್ನು ಪಡೆಯುತ್ತಾರೆ. ತಪ್ಪೇನಿಲ್ಲ. ಆದರೆ ಒಮ್ಮೆ ಬಂದ ಗಂಟು ಒಂದೇ ಬೇಸಿಗೆಯಲ್ಲಿ ಕರಗಬಹುದು; ತಿಂಗಳಿನ ಖರ್ಚು ಮಾತ್ರ ಹದಿನೈದು ವರ್ಷವೂ ಬಾಗಿಲು ತಟ್ಟುತ್ತದೆ. ಮನೆಯವರೆಲ್ಲ ಕುಳಿತು ಲೆಕ್ಕ ಹಾಕಿದ ಮೇಲೆಯೇ ಸಹಿ ಮಾಡುವುದು ಲೇಸು. ಇದಲ್ಲದೆ ಉಪದಾನವೆಂಬ ಇನ್ನೊಂದು ಮೊತ್ತ, ಸಾಮಾನ್ಯರು ಗ್ರಾಚ್ಯುಟಿ ಎನ್ನುವುದು, ಸೇವೆಯ ಅವಧಿಗೆ ತಕ್ಕಂತೆ ಸಿಗುತ್ತದೆ.

ಮಾಸ್ತರರು ತೀರಿಕೊಂಡರೆ ಅವರ ಪಿಂಚಣಿ ಅಲ್ಲಿಗೇ ಮುಗಿಯುವುದಿಲ್ಲ. ಅವರ ಹೆಂಡತಿಗೆ, ಅಕ್ಕೋರಾಗಿದ್ದರೆ ಗಂಡನಿಗೆ, ಕುಟುಂಬ ಪಿಂಚಣಿ ಉಂಟು. ಸಾಮಾನ್ಯವಾಗಿ ಅದು ಕೊನೆಯ ಮೂಲವೇತನದ ನೂರಕ್ಕೆ 30ರಷ್ಟು. ಮೇಲಿನ ಲೆಕ್ಕದಲ್ಲಿ 18,000 ರೂಪಾಯಿ. ಕೆಲವು ಪ್ರಸಂಗಗಳಲ್ಲಿ ಮೊದಲ ಕೆಲವು ವರ್ಷ ಇದಕ್ಕಿಂತ ಹೆಚ್ಚಿನ ದರವೂ ಇದೆ. ಈ ಹಣ ಕೈಗೆ ಬರಬೇಕಾದರೆ ಕುಟುಂಬದವರ ವಿವರ ಕಾಗದದಲ್ಲಿ ಸರಿಯಾಗಿರಬೇಕು. ತವರಿನಲ್ಲಿ ಕರೆಯುವ ಹೆಸರು ಒಂದು, ಗಂಡನ ಮನೆಯಲ್ಲಿ ಇಟ್ಟ ಹೆಸರು ಇನ್ನೊಂದು, ಆಧಾರ ಚೀಟಿಯಲ್ಲಿ ಮೂರನೆಯದು ಎಂಬಂಥ ಸ್ಥಿತಿ ನಮ್ಮ ಕಡೆ ಅಪರೂಪವಲ್ಲ. ಗಂಡ ಇದ್ದಾಗ ಅರ್ಧ ತಾಸಿನಲ್ಲಿ ಸರಿಪಡಿಸಬಹುದಾದ ಈ ಸಂಗತಿ, ಅವನು ಹೋದ ಮೇಲೆ ಹೆಂಗಸೊಬ್ಬಳಿಗೆ ಪ್ರತಿಜ್ಞಾಪತ್ರ, ಸಾಕ್ಷಿ, ತಹಶೀಲದಾರರ ಕಚೇರಿ ಎಂದು ತಿಂಗಳುಗಟ್ಟಲೆ ಓಡಾಟವಾಗುತ್ತದೆ.

2006ರ ಏಪ್ರಿಲ್ 1 ಎಂದೆವಲ್ಲ, ಆ ತಾರೀಖು ಇಂದು ಪ್ರತಿಯೊಂದು ಸಾಲಿಯ ಶಿಕ್ಷಕರ ಕೋಣೆಯನ್ನು ಎರಡಾಗಿ ಒಡೆದಿದೆ. ಅಂದಿನಿಂದ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿ. ನೌಕರನ ಮೂಲವೇತನ ಮತ್ತು ತುಟ್ಟಿಭತ್ಯೆಗಳ ಮೊತ್ತದಲ್ಲಿ ನೂರಕ್ಕೆ 10ನ್ನು ಪ್ರತಿ ತಿಂಗಳೂ ಮುರಿದುಕೊಳ್ಳುತ್ತಾರೆ. ಸರಕಾರವೂ ತನ್ನ ಪಾಲು ಹಾಕುತ್ತದೆ; ಮೊದಲು ಅದೂ ನೂರಕ್ಕೆ 10 ಇದ್ದಿತು, ಈಗ 14. ಈ ಹಣ ಹನ್ನೆರಡು ಅಂಕಿಗಳ ಒಂದು ಖಾತೆಗೆ ಹೋಗಿ, ಅಲ್ಲಿಂದ ಸಾಲಪತ್ರಗಳಲ್ಲಿ, ಶೇರುಗಳಲ್ಲಿ ತೊಡಗುತ್ತದೆ. ಪೇಟೆ ಏರಿದರೆ ಗಂಟು ಬೆಳೆಯುತ್ತದೆ, ಇಳಿದರೆ ಕುಗ್ಗುತ್ತದೆ. 60 ವರ್ಷವಾದಾಗ ಗಂಟಿನಲ್ಲಿ ನೂರಕ್ಕೆ 60ರವರೆಗೆ ಕೈಗೆ ಪಡೆಯಬಹುದು. ಉಳಿದ 40ಕ್ಕಾದರೂ ವಿಮಾ ಕಂಪನಿಯಿಂದ ವರ್ಷಾಶನವನ್ನು ಕೊಳ್ಳಬೇಕು. ಮುಂದೆ ಪ್ರತಿ ತಿಂಗಳೂ ಬರುವುದು ಆ ವರ್ಷಾಶನವೇ. ಅದಕ್ಕೆ ತುಟ್ಟಿಭತ್ಯೆ ಇಲ್ಲ.

ಎರಡರ ವ್ಯತ್ಯಾಸವನ್ನು ಗದಗ ತಾಲೂಕಿನವರಿಗೆ ಹತ್ತಿರದ ಮಾತಿನಲ್ಲಿ ಹೇಳಬಹುದು. ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘದಿಂದ ನಮ್ಮ ಜನ ಹನಿ ಹನಿ ಕೂಡಿ ಹಳ್ಳವಾಗುವ ಬಗೆಯನ್ನು ಕಲಿತರು. ಹೊಸ ಪದ್ಧತಿ ಈ ಬಗೆಯ ಉಳಿತಾಯಕ್ಕೆ ಸೇರಿದ್ದು: ಹಾಕಿದ ಹಣ ಎಷ್ಟು, ಅದು ಬೆಳೆದದ್ದು ಎಷ್ಟು ಎಂಬುದರ ಮೇಲೆ ಕೊನೆಯ ಫಲ. ಹಳೆಯ ಪದ್ಧತಿ ಉಳಿತಾಯವಲ್ಲ, ವಚನ: ಇಷ್ಟು ವರ್ಷ ದುಡಿ, ಮುಪ್ಪಿನಲ್ಲಿ ನಿನ್ನ ಪಗಾರದ ಅರ್ಧವನ್ನು ನಾವು ಕೊಡುತ್ತೇವೆ ಎಂಬ ಸರಕಾರದ ವಚನ. ಉಳಿತಾಯದಲ್ಲಿ ಪೇಟೆಯ ಏರಿಳಿತದ ಭಾರ ಮಾಸ್ತರರ ಮೇಲೆ. ವಚನದಲ್ಲಿ ಆ ಭಾರ ಖಜಾನೆಯ ಮೇಲೆ. ಜನರ ಆಯುಷ್ಯ ಹೆಚ್ಚಿದಂತೆ ಖಜಾನೆಗೆ ಭಾರವಾಗುವುದು ಸರಕಾರದ ಚಿಂತೆ. ಮಾರ್ಚ್ 31ರಂದು ಸೇರಿದವರಿಗೂ ಏಪ್ರಿಲ್ 3ರಂದು ಸೇರಿದವರಿಗೂ ಇಷ್ಟು ಅಂತರ ಏಕೆಂಬುದು ಮಾಸ್ತರರ ಪ್ರಶ್ನೆ. ಎರಡೂ ಹುರುಳಿಲ್ಲದ ಮಾತುಗಳಲ್ಲ. ಹಳೆಯ ಪದ್ಧತಿಯನ್ನೇ ಮರಳಿ ತರಬೇಕೆಂದು ನೌಕರರು ಬಹಳ ದಿನದಿಂದ ಕೇಳುತ್ತಿದ್ದಾರೆ.

ಈ ಬೇಡಿಕೆಯ ಒಂದು ಅಂಶ ಈಡೇರಿತು. ನೇಮಕದ ಜಾಹೀರಾತು 2006ರ ಏಪ್ರಿಲ್ 1ಕ್ಕೆ ಮುಂಚೆಯೇ ಬಂದು, ಪರೀಕ್ಷೆ, ಪರಿಶೀಲನೆ, ಆದೇಶಗಳ ತಡದಿಂದ ಕೆಲಸಕ್ಕೆ ಸೇರಿದ್ದು ಮಾತ್ರ ಆ ತಾರೀಖಿನ ಮೇಲೆ ಆಗಿದ್ದ ನೌಕರರು ಸಾವಿರಾರು ಜನರಿದ್ದರು. ಅವರಿಗೆ ಹಳೆಯ ಪದ್ಧತಿಗೆ ಬರುವ ಅವಕಾಶವನ್ನು ರಾಜ್ಯ ಸರಕಾರ 2024ರ ಜನವರಿಯಲ್ಲಿ ಕೊಟ್ಟಿತು. ಹದಿನೆಂಟು ವರ್ಷ ಹಿಂದಿನ ಜಾಹೀರಾತಿನ ತಾರೀಖು ಒಂದು ಮನೆಯ ಮುಪ್ಪಿನ ದಾರಿಯನ್ನೇ ಬದಲಿಸಿತು ನೋಡಿ. ಕೇಂದ್ರ ಸರಕಾರವು ತನ್ನ ನೌಕರರಿಗಾಗಿ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿಯೆಂಬ ಮೂರನೆಯ ದಾರಿಯನ್ನು ತೆರೆದಿದೆ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧವನ್ನು ಅದು ಖಾತ್ರಿ ಮಾಡುತ್ತದೆ. ಆದರೆ ನೌಕರನ ವಂತಿಗೆ ನಡೆದೇ ಇರುತ್ತದೆ. ಅದು ಕೇಂದ್ರದವರಿಗೆ ಮಾಡಿದ ಏರ್ಪಾಡು. ಅದನ್ನು ಕೇಳಿ ನಮ್ಮ ಊರಿನ ಸಾಲಿಯ ಶಿಕ್ಷಕರು ತಮಗೂ ತಾನಾಗಿ ಬಂದಿತೆಂದು ತಿಳಿಯಬಾರದು. 2006ರಲ್ಲಿ ಇಪ್ಪತ್ತೈದನೆಯ ವಯಸ್ಸಿಗೆ ಸೇರಿದವರು 2041ರ ಸುಮಾರಿಗೆ ನಿವೃತ್ತರಾಗುವರು. ಹೊಸ ಪದ್ಧತಿಯ ಪೂರ್ಣ ಫಲವನ್ನು ನಮ್ಮ ಊರುಗಳು ಕಾಣುವುದು ಆಗಲೇ.

ಯಾವ ಪದ್ಧತಿಯವರಾದರೂ ಸೇವಾ ಪುಸ್ತಕದ ಕಡೆಗೆ ಕಣ್ಣಿಡಲೇಬೇಕು. ಮೊದಲನೆಯದು ಹುಟ್ಟಿದ ತಾರೀಖು. ಸಾಲಿಯ ದಾಖಲೆಯಲ್ಲಿ ತಪ್ಪಾಗಿದ್ದರೆ ಯಾವಾಗ ಬೇಕಾದರೂ ತಿದ್ದಿಸಬಹುದೆಂಬ ಭ್ರಮೆ ಹಲವರಿಗಿದೆ. ಕರ್ನಾಟಕದಲ್ಲಿ 1974ರ ವಯೋನಿರ್ಣಯ ಕಾಯಿದೆಯ ಪ್ರಕಾರ, ವಯಸ್ಸನ್ನು ಸೇವಾ ದಾಖಲೆಯಲ್ಲಿ ಬರೆದ ಮೂರು ವರ್ಷಗಳೊಳಗೆ ಕೇಳಬೇಕು. ನಿವೃತ್ತಿ ಹತ್ತಿರ ಬಂದಾಗ ಜಾತಕ ಹಿಡಿದು ಹೋದರೆ ಪ್ರಯೋಜನವಿಲ್ಲ. ಎರಡನೆಯದು ಸೇವೆಯ ಎಣಿಕೆ. ಪಗಾರವಿಲ್ಲದ ರಜೆಯ ಎಲ್ಲ ದಿನಗಳೂ ಪಿಂಚಣಿಗೆ ಬರುವುದಿಲ್ಲ; ಅಪ್ಪಣೆಯಿಲ್ಲದ ಗೈರುಹಾಜರಿ ಸೇವೆಯನ್ನು ತುಂಡರಿಸಬಲ್ಲದು. ಮೂರನೆಯದು ವರ್ಗಾವಣೆ. ಮುಂಡರಗಿಯಿಂದ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಬೆಟಗೇರಿಗೆ ಎಂದು ವರ್ಗವಾದಾಗಲೆಲ್ಲ ಹಿಂದಿನ ಕಚೇರಿಯವರು ತಮ್ಮ ಕಾಲದ ಸೇವೆಯನ್ನು ಪರಿಶೀಲಿಸಿ ಸಹಿ ಹಾಕಿರಬೇಕು. ಆ ಒಂದು ಸಹಿ ಇಲ್ಲದ್ದರಿಂದ ಕಡತ ಬೆಂಗಳೂರಿನಿಂದ ಮರಳಿ ಬಂದರೆ, ಇಪ್ಪತ್ತು ವರ್ಷದ ಹಿಂದಿನ ಪಗಾರದ ಪಟ್ಟಿಯನ್ನು ಹುಡುಕಬೇಕಾಗುತ್ತದೆ. ವರ್ಷಕ್ಕೊಮ್ಮೆ ಪುಸ್ತಕವನ್ನು ನೌಕರನಿಗೆ ತೋರಿಸಿ ಸಹಿ ಪಡೆಯಬೇಕೆಂಬ ನಿಯಮವೇ ಇದೆ. ಅದನ್ನು ಕೇಳಿ ನೋಡುವುದು ಕಚೇರಿಯವರ ಮೇಲಿನ ಅವಿಶ್ವಾಸವಲ್ಲ, ನಮ್ಮ ಕರ್ತವ್ಯ.

ಕಾಗದದ ದಾರಿಯನ್ನೂ ತಿಳಿದಿರಬೇಕು. ಪ್ರಾಥಮಿಕ ಸಾಲಿಯವರ ಕಾಗದಗಳು ಮುಖ್ಯಾಧ್ಯಾಪಕರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ, ಅಲ್ಲಿಂದ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗುತ್ತವೆ. ಅಲ್ಲಿ ಲೆಕ್ಕ ಪರಿಶೀಲಿಸಿ ಪಿಂಚಣಿಗೆ ಒಂದು, ಉಪದಾನಕ್ಕೆ ಒಂದು, ಪರಿವರ್ತನೆಗೆ ಒಂದು ಎಂದು ಆದೇಶಗಳನ್ನು ಹೊರಡಿಸುತ್ತಾರೆ. ಖಜಾನೆಯ ಮೂಲಕ ಹಣ ಬ್ಯಾಂಕಿನ ಖಾತೆಗೆ ಬರುತ್ತದೆ. ನಿವೃತ್ತಿಗೆ ಒಂದೆರಡು ವರ್ಷ ಮುಂಚೆಯೇ ಪುಸ್ತಕವನ್ನು ತಿರುವಿ ಕೊರತೆಗಳನ್ನು ತುಂಬಿಸಿಕೊಂಡವರಿಗೆ ಈ ದಾರಿ ಸುಗಮ. ಆ ಬಳಿಕ ಪ್ರತಿ ವರ್ಷ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು. ಬ್ಯಾಂಕಿಗೆ ಹೋಗಲಾಗದವರಿಗೆ 2014ರಿಂದ ಬೆರಳಚ್ಚಿನ ಗಣಕ ಪದ್ಧತಿಯೂ ಬಂದಿದೆ. ಆದರೆ ಯಾರೋ ಫೋನು ಮಾಡಿ, "ಪ್ರಮಾಣಪತ್ರ ನಾವೇ ಮಾಡಿಕೊಡುತ್ತೇವೆ, ಮೊಬೈಲಿಗೆ ಬಂದ ಅಂಕಿ ಹೇಳಿರಿ" ಎಂದರೆ ಹೇಳಲೇಬಾರದು. ಆ ಅಂಕಿ ಹೇಳಿದ ಮೇಲೆ ಖಾತೆಯ ಹಣ ಉಳಿಯುವ ಭರವಸೆಯಿಲ್ಲ.

ಸಾಲಿಯೆಂದರೆ ಮಾಸ್ತರರಷ್ಟೇ ಅಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಖಾಯಂ ಗುಮಾಸ್ತರಿಗೂ ಗಂಟೆ ಬಾರಿಸುವ ಜವಾನರಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಅದೇ ಅಂಗಳದಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅನ್ನ ಬೇಯಿಸುವ ತಾಯಂದಿರು, ಖಾಲಿ ಜಾಗದಲ್ಲಿ ಪಾಠ ಹೇಳುವ ಅತಿಥಿ ಶಿಕ್ಷಕರು ಪಡೆಯುವುದು ಪಗಾರವಲ್ಲ, ಗೌರವಧನ. ಅವರಿಗೆ ಈ ಪಿಂಚಣಿಯ ಹಕ್ಕಿಲ್ಲ. ಬೀಳ್ಕೊಡುಗೆಯ ದಿನ ಎಲ್ಲರಿಗೂ ಊಟ ಬಡಿಸುವವರು ಅವರೇ. ನ್ಯಾಯದ ಮಾತನ್ನು ಆಡುವಾಗ ಅವರನ್ನು ಮರೆಯಲಾಗದು.

ಓದುಗರ ಮನೆಯಲ್ಲಿ ಮಾಸ್ತರರೋ ಅಕ್ಕೋರೋ ಇದ್ದರೆ, ಇಂದು ರಾತ್ರಿಯ ವಾರ್ತೆ ಮುಗಿದ ಮೇಲೆ ಟ್ರಂಕಿನಲ್ಲಿಯ ಕಾಗದಗಳನ್ನು ಹೊರತೆಗೆಯಿರಿ. ನೇಮಕದ ಆದೇಶ ಇದೆಯೇ? ಹುಟ್ಟಿದ ತಾರೀಖು ಎಲ್ಲ ಕಡೆ ಒಂದೇ ಇದೆಯೇ? ಹೆಂಡತಿಯ ಹೆಸರನ್ನು ಎಲ್ಲೆಲ್ಲಿ ಹೇಗೆ ಬರೆದಿದೆ? ನಾಮನಿರ್ದೇಶನದಲ್ಲಿ ಇರುವವರು ಯಾರು? ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ ಹಾಗೆಯೇ ಬಿಟ್ಟವರುಂಟು. ತಾವು ಯಾವ ಪದ್ಧತಿಯವರೆಂಬುದು ಮನೆಯವರಿಗೆ ಗೊತ್ತಿದೆಯೇ? ಮಕ್ಕಳ ಪಾಟಿಯ ಮೇಲಿನ ತಪ್ಪನ್ನು ಜೀವಮಾನವೆಲ್ಲ ತಿದ್ದಿದವರು ತಮ್ಮ ಪುಸ್ತಕದಲ್ಲಿಯ ತಪ್ಪನ್ನೂ ವೇಳೆ ಇರುವಾಗ ತಿದ್ದಿಸಿಕೊಂಡರೆ, ಮೇ 31ರ ಸಂಜೆ ಹಾರ ಹಾಕಿಕೊಂಡು ಮನೆಗೆ ಬಂದವರನ್ನು "ಮುಂದಿನ ತಿಂಗಳ ಎಷ್ಟು ಬರತೈತ್ರಿ?" ಎಂದು ಮನೆಯವರು ಕೇಳಿದಾಗ ತಡವರಿಸದೆ ಲೆಕ್ಕ ಹೇಳಬಹುದು.